ಭಾವನಿಗೆ ಮರ್ಯಾದೆ ಕೊಡಬಾರದು

ಈ ಊರಿನ ಕಬ್ಬಿಣಕ್ಕೆ ಮರ್ಯಾದೆ ಆಗಿಬರುವುದಿಲ್ಲ. ಗೌರವ ಕೊಟ್ಟರೆ ತುಕ್ಕು ಹಿಡಿಯುತ್ತದೆ. ಹೊಗಳಿದರಂತೂ ಬೆಳಗಾಗುವುದರೊಳಗೆ ಕೆಂಪು ಪುಡಿ ಉದುರಲು ಶುರು. ಆದ್ದರಿಂದ ಇಲ್ಲಿಯ ಹೆಂಗಸರು ಒಲೆ ಹಚ್ಚುವ ಮೊದಲು ದೋಸೆ ಹೆಂಚನ್ನು ಒಂದಿಷ್ಟು ಗೇಲಿ ಮಾಡುತ್ತಾರೆ. ಗಂಡಸರು ಸೈಕಲ್ ಹತ್ತುವ ಮೊದಲು ಅದರ ಗೊರಗೊರ ಸದ್ದನ್ನು ಅಣಕಿಸುತ್ತಾರೆ. ಮೊಳೆ ಮಾರುವ ಅಂಗಡಿಯ ಯಜಮಾನ ಬೆಳಿಗ್ಗೆ ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಕೈಮುಗಿದು, ಆಮೇಲೆ ಡಬ್ಬಗಳ ಕಡೆ ತಿರುಗಿ, "ಏನ್ರಪ್ಪಾ, ತಲೆ ದಪ್ಪ, ಮೈ ಸಣ್ಣ, ಯಾವ ಮನೇಲಿ ಊಟ ಮಾಡ್ತೀರೋ?" ಎಂದು ಕೇಳಿಯೇ ವ್ಯಾಪಾರಕ್ಕೆ ಕೂರುವುದು. ಹಾಗೆಂದು ಬೈಯುವಂತಿಲ್ಲ; ಬೈದರೆ ಕಬ್ಬಿಣ ಬಿರುಕು ಬಿಡುತ್ತದೆ. ಚೇಷ್ಟೆಯೇ ಆಗಬೇಕು. ಅದರಲ್ಲಿ ನಿಜವಿರಬೇಕು, ಅಕ್ಕರೆಯಿರಬೇಕು, ನಿನ್ನೆಯದನ್ನೇ ಇವತ್ತು ಬಡಿಸಬಾರದು.

ನಾನು ಬೇರೆ ಊರಿನವಳು. ಹಗಲು ಗೂಡ್ಸ್ ಶೆಡ್ಡಿನಲ್ಲಿ ಮೂಟೆ ತೂಗಿಸುತ್ತ, ಸಂಜೆ ಕಾಲೇಜಿನಲ್ಲಿ ಇತಿಹಾಸ ಓದಿದವಳು. ಸಂಜೆ ಕಾಲೇಜಿನಲ್ಲಿ ಓದಿದವರಿಗೆ ಒಂದು ಅನುಮಾನ ಕೊನೆಯವರೆಗೂ ಇರುತ್ತದೆ: ಹಗಲು ಓದಿದವರಿಗೆ ಇನ್ನೇನೋ ಹೇಳಿಕೊಟ್ಟಿರಬೇಕು, ನಮ್ಮ ಪಾಲಿಗೆ ಅದು ಬಿಟ್ಟುಹೋಗಿರಬೇಕು ಎಂದು. ಆ ಬಿಟ್ಟುಹೋದದ್ದು ಏನೆಂದು ಗೊತ್ತಿಲ್ಲದ್ದರಿಂದ ನಾನು ಎಲ್ಲವನ್ನೂ ಮತ್ತೊಮ್ಮೆ ನೋಡುತ್ತೇನೆ. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಬೀದಿಯ ತುದಿಯವರೆಗೆ ಹೋಗಿ, ವಾಪಸ್ಸು ಬಂದು ಇನ್ನೊಮ್ಮೆ ಎಳೆಯುತ್ತೇನೆ. ಎಲ್ಲರಿಗೂ 'ಅವರು' ಎನ್ನುತ್ತೇನೆ. ಬಂದ ವಾರದಲ್ಲೇ ನನ್ನ ಮನೆಯ ಬೀಗದ ಕೈ ಕೆಂಪಾಯಿತು. ದಿನವೂ ಅಂಗೈಗೆ ತುಕ್ಕು ಅಂಟುತ್ತಿತ್ತು. ನಾನು ಹವೆ ಸರಿಯಿಲ್ಲ ಎಂದುಕೊಂಡೆ.

ನನ್ನ ಕೆಲಸ ಹಳೆಯ ಕಲ್ಲಿದ್ದಲು ಗಣಿಯ ಯಂತ್ರಗಳನ್ನು ಕಾಪಾಡುವುದು. ಗಣಿ ಮುಚ್ಚಿದ ಮೇಲೆ ಅಲ್ಲಿಗೆ ಕಾಡು ಯಾರೂ ಕರೆಯದೆ ತಾನೇ ಬಂದು ಕೂತಿತ್ತು. ಕರಿ ಮಣ್ಣಿನ ದಿಬ್ಬಗಳ ಮೇಲೆ ಬೇವು, ಹೊಂಗೆ. ನೆಲ ಕುಸಿದಲ್ಲಿ ಕೆರೆ, ಕೆರೆಯಲ್ಲಿ ನೀರುಕೋಳಿ. ಕಲ್ಲಿದ್ದಲು ತುಂಬುತ್ತಿದ್ದ ತಳ್ಳುಗಾಡಿಗಳೊಳಗೆ ಮುಂಗುಸಿ ಸಂಸಾರ. ಸರ್ಕಾರ ಸುತ್ತ ಬೇಲಿ ಹಾಕಿ ರಕ್ಷಿತಾರಣ್ಯ ಎಂದು ಹೆಸರಿಟ್ಟಿತು. ಬೇಲಿಯೊಳಗೆ ಸಿಕ್ಕಿಕೊಂಡ ಯಂತ್ರಗಳನ್ನು ನೋಡಿಕೊಳ್ಳಲು ಊರಿನವರು ಸಂಘ ಕಟ್ಟಿದರು. ಸಂಘ ನನ್ನನ್ನು ನೇಮಿಸಿಕೊಂಡಿತು. ಅಕ್ಷರ ದುಂಡಗಿದೆ ಎಂಬುದೇ ಕಾರಣವಿರಬೇಕು, ಬೇರೆ ಕಾರಣ ನನಗೆ ಹೊಳೆದಿಲ್ಲ.

ಯಂತ್ರಗಳಲ್ಲೆಲ್ಲ ದೊಡ್ಡದು ಆವಿಯಿಂದ ನಡೆಯುತ್ತಿದ್ದ ಎತ್ತುಯಂತ್ರ. ಎರಡಾಳು ಎತ್ತರದ ಉರುಳೆ, ಅದಕ್ಕೆ ಸುತ್ತಿದ ಉಕ್ಕಿನ ಹಗ್ಗ, ಹಗ್ಗದ ತುದಿಯಲ್ಲಿ ಜನರನ್ನು ಗಣಿಗೆ ಇಳಿಸಿ ಮೇಲೆತ್ತುತ್ತಿದ್ದ ಪಂಜರ. ಗಣಿಯ ಬಾಯಿಯನ್ನು ಊರು ಅಕ್ಕ ಎನ್ನುತ್ತದೆ. ಹಾಗಾಗಿ ಯಂತ್ರ ಭಾವ. ಅಕ್ಕನ ಗಂಡನನ್ನು ಗೋಳುಹೊಯ್ದುಕೊಳ್ಳುವ ಹಕ್ಕು ಇಡೀ ಊರಿಗಿತ್ತು; ಅದನ್ನು ದಿನವೂ ತಪ್ಪದೆ ಚಲಾಯಿಸುತ್ತಿದ್ದವರು ಮುನಿತಾಯಮ್ಮ. ಅವರ ಗಂಡ ಆ ಪಂಜರದಲ್ಲಿ ಇಳಿದು ಹತ್ತಿ ವಯಸ್ಸು ಕಳೆದವರು, ನಿವೃತ್ತರಾಗಿ ಮನೆಯಲ್ಲೇ ತೀರಿಕೊಂಡವರು. ಮುನಿತಾಯಮ್ಮ ಬೆಳಿಗ್ಗೆ ಎಲೆಯಡಿಕೆ ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಯಂತ್ರದ ಮನೆಯ ಹೊಸ್ತಿಲ ಮೇಲೆ ಕೂರುತ್ತಿದ್ದರು.

"ಏನ್ ಭಾವಾ, ಎದ್ಯಾ? ಜನ್ಮವಿಡೀ ಮೇಲಕ್ಕೆ ಕೆಳಕ್ಕೆ, ಮೇಲಕ್ಕೆ ಕೆಳಕ್ಕೆ ಓಡಾಡ್ಸಿದ್ದೇ ಬಂತು. ಒಂದ್ ಸಲನಾದ್ರೂ ಪಕ್ಕದೂರಿಗೆ ಹೋಗಿದ್ಯಾ? ಅಕ್ಕನ್ನ ಒಂದು ಜಾತ್ರೆಗೆ ಕರ್ಕೊಂಡು ಹೋದ್ಯಾ? ಹೊಟ್ಟೆ ನೋಡು ಹೊಟ್ಟೆ, ಬಾಯ್ಲರ್ ಆರಿ ಇಷ್ಟು ವರ್ಷ ಆದ್ರೂ ಇಳಿದಿಲ್ಲ!"

ಉರುಳೆ ಆಗ ತಾನೇ ತಲೆಗೆ ಎಣ್ಣೆ ಹಚ್ಚಿಕೊಂಡವರ ಹಾಗೆ ಹೊಳೆಯುತ್ತಿತ್ತು. ಫಿಟ್ಟರ್ ಆಗಿದ್ದ ಖಾದರ್ ಸಾಬರು ಗ್ರೀಸು ಡಬ್ಬ ಹಿಡಿದು ಬಂದು, "ನಂದು ಬರೀ ಸ್ನಾನ ಮಾಡ್ಸೋ ಕೆಲಸ ಮೇಡಂ. ಜೀವ ಇಟ್ಟಿರೋದು ಈ ಅಮ್ಮನ ಬಾಯಿ" ಎನ್ನುತ್ತಿದ್ದರು.

ಎಲ್ಲ ಸರಿಯಾಗಿಯೇ ಇತ್ತು. ಆ ವರ್ಷ ಯಂತ್ರದ ಮನೆಯ ತೊಲೆಯ ಮೇಲೆ ಬಿಳಿ ಮುಖದ ಗೂಬೆ ಜೋಡಿ ಬಂದು ಗೂಡು ಮಾಡಿತು.

ಗೂಬೆಗಳನ್ನು ಮೊದಲು ಕಂಡವರು ರೇಂಜರ್ ಜಯದೇವ ಅವರು. ಒಳ್ಳೆಯ ಮನುಷ್ಯ. ಹಾವು ರಸ್ತೆ ದಾಟುತ್ತಿದ್ದರೆ ಜೀಪು ನಿಲ್ಲಿಸಿ, ಅದು ದಾಟಿದ ಮೇಲೂ ಸ್ವಲ್ಪ ಹೊತ್ತು ಕಾಯುವವರು, ಅದರ ಹಿಂದೆ ಇನ್ನೊಂದು ಇದ್ದರೆ ಎಂದು. ಅವರು ಅದೇ ದಿನ ಯಂತ್ರದ ಮನೆಯೊಳಗೆ ಯಾರೂ ದಾಟದ ಹಾಗೆ ಅಡ್ಡ ಹಗ್ಗ ಕಟ್ಟಿಸಿದರು. "ಮರಿಗಳು ಹಾರುವ ತನಕ ಇಲ್ಲಿ ಗಟ್ಟಿಯಾಗಿ ಮಾತಾಡಬಾರದು. ಗಲಾಟೆ ಆದರೆ ಗೂಡು ಬಿಟ್ಟು ಹೋಗ್ತವೆ. ಇನ್ನೊಂದು ವಿಷಯ. ಮಳೆಗಾಲ ಮುಗಿದ ಕೂಡಲೇ ಮೇಲಿನಿಂದ ಸಮಿತಿ ಬರುತ್ತೆ. ಯಂತ್ರ ಗಟ್ಟಿಯಾಗಿದ್ದರೆ ಇರುತ್ತೆ. ತುಕ್ಕು ತಿಂದು ಬೀಳುವ ಹಾಗಿದ್ದರೆ ತುಂಡು ಮಾಡಿ ಸಾಗಿಸಿ, ಜಾಗ ಪೂರ್ತಿ ಕಾಡಿಗೆ ಬಿಡ್ತಾರೆ. ನನಗೂ ಬೇಜಾರೇ. ಆದರೆ ನಿಯಮ."

ನಾನು ತಲೆಯಾಡಿಸಿದೆ. ನಿಯಮ ಎಂದರೆ ನನ್ನ ತಲೆ ತಾನಾಗಿ ಆಡುತ್ತದೆ.

ಮುನಿತಾಯಮ್ಮನಿಗೆ ಮೆಲ್ಲಗೆ ಮಾತಾಡಿ ಎಂದು ಹೇಳಿದೆ. ಅದು ಹೊಳೆಗೆ ಹಿಂದಕ್ಕೆ ಹರಿ ಎಂದು ಹೇಳಿದ ಹಾಗಾಯಿತು. ಗಣಿಯ ಸದ್ದಿನಲ್ಲಿ ಬೆಳೆದ ಊರು ಇದು. ಕಿವಿ ಎಲ್ಲರದೂ ಸ್ವಲ್ಪ ಮಂದ, ಗುಟ್ಟನ್ನೂ ಕೂಗಿಯೇ ಹೇಳುತ್ತಾರೆ. ಮುನಿತಾಯಮ್ಮ ಪ್ರಯತ್ನಪಟ್ಟರು, ಪಾಪ. "ಏನ್ ಭಾವಾ" ಎಂದು ಅವರ ಪ್ರಕಾರ ಪಿಸುಗುಟ್ಟಿದ್ದಕ್ಕೆ ಗಂಡು ಗೂಬೆ ತೊಲೆಯಿಂದ ಎದ್ದು ಕಿಟಕಿಯಾಚೆ ಹೋಗಿ, ನಾವೆಲ್ಲ ಉಸಿರು ಹಿಡಿದು ಕಾದ ಮೇಲೆ, ದೊಡ್ಡ ಮನಸ್ಸು ಮಾಡಿ ವಾಪಸ್ಸು ಬಂತು. ಮುನಿತಾಯಮ್ಮ ಸಂಚಿ ಕಟ್ಟಿಕೊಂಡು ಎದ್ದರು. "ಹೋಗ್ಲಿ ಬಿಡಿ ಮೇಡಂ. ಕಿವೀಲಿ ಹೇಳಿದ್ರೆ ಅದು ಚಾಡಿ ಆಗುತ್ತೆ, ಚೇಷ್ಟೆ ಆಗಲ್ಲ. ಭಾವನ ಮೇಲೆ ಚಾಡಿ ಹೇಳೋಳಲ್ಲ ನಾನು."

ಯಂತ್ರದ ಮನೆ ಮೌನವಾಯಿತು. ಆ ಮೌನ ನನ್ನನ್ನು ಚುಚ್ಚತೊಡಗಿತು. ಊರಿನವರ ಮಾತು ನಿಂತದ್ದಕ್ಕೆ ಬದಲಾಗಿ ಏನಾದರೂ ಕೊಡಬೇಕು ಎನಿಸಿತು. ರಾತ್ರಿಯ ಊಟವನ್ನೂ ಮರೆತು, ಬರೆದು, ಹೊಡೆದು, ಮತ್ತೆ ಬರೆದು, ದುಂಡಗಿನ ಅಕ್ಷರದಲ್ಲಿ ಒಂದು ಫಲಕ ತಯಾರಿಸಿದೆ. 'ನಮ್ಮ ಊರಿನ ಹೆಮ್ಮೆಯ ಹಾಗೂ ಪೂಜ್ಯರಾದ ಈ ಎತ್ತುಯಂತ್ರದವರು ದೀರ್ಘಕಾಲ ನಿಸ್ವಾರ್ಥವಾಗಿ ಸೇವೆ ಸಲ್ಲಿಸಿರುತ್ತಾರೆ. ದಯವಿಟ್ಟು ಮೌನವಾಗಿ ಗೌರವ ಸಲ್ಲಿಸಿ.' ಗೂಬೆಗೂ ಒಳ್ಳೆಯದು, ಭಾವನಿಗೂ ಒಳ್ಳೆಯದು ಎಂದುಕೊಂಡೆ. ಊರಿಗೆ ಬಂದು ಎರಡು ಬೇಸಿಗೆ ಕಳೆದಿದ್ದ ನಾನು, ಹೆಂಚಿನಿಂದ ಹಿಡಿದು ಮೊಳೆಯ ತನಕ ಎಲ್ಲವನ್ನೂ ಕಣ್ಣಾರೆ ಕಂಡಿದ್ದ ನಾನು, ಹಾಗೆಂದುಕೊಂಡೆ. ಅವೆಲ್ಲ ಮನೆಬಳಕೆಯ ಸಾಮಾನು, ಇದು ಇತಿಹಾಸ, ಇತಿಹಾಸಕ್ಕೆ ಬೇರೆ ಕಾನೂನಿರುತ್ತದೆ ಎಂದು ನನ್ನ ಲೆಕ್ಕ.

ಕಾಡು ನೋಡಲು ಬಂದ ಪರವೂರಿನವರು ಫಲಕ ಓದಿ ಬಾಯಿ ಮುಚ್ಚಿ ನಿಂತರು. ಕೆಲವರು ಕೈಮುಗಿದರು. ಒಬ್ಬರು ಸೇವಂತಿಗೆ ಹಾರವನ್ನೇ ತಂದು ಹಗ್ಗಕ್ಕೆ ಸಿಕ್ಕಿಸಿ ಹೋದರು. ಅವರು ಹೋದ ಮರುದಿನ ಬೆಳಿಗ್ಗೆ ಉರುಳೆಯ ಮೇಲೆ ಅಂಗೈಯಗಲ ತುಕ್ಕು. ಸಂಜೆಗೆ ಅದು ಮೊರದಗಲ.

ಖಾದರ್ ಸಾಬರು ಮೊದಲು ತುಕ್ಕು ನೋಡಿದರು, ಆಮೇಲೆ ಫಲಕ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಇದು ತಾವೇ ಬರೆದಿದ್ದಾ ಮೇಡಂ?"

"ಹೌದು. ಕಾಗುಣಿತ ತಪ್ಪಿದೆಯಾ?"

"ಕಾಗುಣಿತ ಚೆನ್ನಾಗಿದೆ. ಭಾವನ ಕಥೆ ಮುಗೀತು" ಎಂದು ಅವರು ಫಲಕವನ್ನು ಕಳಚಿ, ಬರಹ ಕಾಣದ ಹಾಗೆ ಗೋಡೆಗೆ ಒರಗಿಸಿದರು. ಫಲಕ ಮರದ್ದಾಗಿದ್ದರಿಂದ ಬಚಾವಾಯಿತು.

ಸಾಬರು ಉಜ್ಜಿದರು, ಗ್ರೀಸು ಬಳಿದರು. ತುಕ್ಕು ಗ್ರೀಸಿನ ಕೆಳಗಿನಿಂದಲೇ ನಡೆದು ಬ್ರೇಕಿನ ಹಿಡಿಯವರೆಗೆ ಬಂತು. ಮರಿಗಳು ಹಾರಲು ಇನ್ನೂ ಸಮಯವಿತ್ತು. ಸಮಿತಿ ಅದಕ್ಕೂ ಮೊದಲೇ ಬರುವುದಿತ್ತು. ನಾನು ಮುನಿತಾಯಮ್ಮನ ಮನೆ ಬಾಗಿಲಿಗೆ ಹೋಗಿ ನಿಂತೆ. ಕಣ್ಣಲ್ಲಿ ನೀರು ಬಂದಿತ್ತು. ಅವರು ಅದನ್ನು ನೋಡದ ಹಾಗೆ ಮಾಡಿ ಕಾಫಿ ಕೊಟ್ಟರು.

"ಈ ಊರಲ್ಲಿ ಮೆಲ್ಲಗೆ ಮಾತಾಡೋ ಗಂಟಲು ಅಂದ್ರೆ ನಿಮ್ದೊಂದೇ ಮೇಡಂ" ಎಂದರು. "ಸಂಘದ ಸಭೆಯಲ್ಲಿ ನೀವು ಏನಂತೀರೋ ಇವತ್ತಿನ ತನಕ ನಂಗೆ ಕೇಳ್ಸಿಲ್ಲ. ಎಲ್ರೂ ತಲೆ ಆಡಿಸ್ತಾರೆ ಅಂತ ನಾನೂ ಆಡಿಸ್ತೀನಿ. ನೀವೇ ಮಾಡಿ."

"ನನಗೆ ಬರುವುದಿಲ್ಲ. ನಾನು ಇವತ್ತಿನವರೆಗೆ ಯಾರನ್ನೂ ಗೇಲಿ ಮಾಡಿಲ್ಲ. ಮೇಲಾಗಿ ನಾನು ಆ ಯಂತ್ರದವರಿಗೆ ಏನೂ ಆಗಬೇಕಿಲ್ಲವಲ್ಲ."

"ಆಗೋಣ ಬನ್ನಿ" ಎಂದು ಅವರು ಒಂದು ಚೊಂಬು ನೀರು, ಒಂದು ಅಚ್ಚು ಬೆಲ್ಲ ತೆಗೆದುಕೊಂಡು ಎದ್ದೇಬಿಟ್ಟರು.

ಗಣಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿತ್ತು, ಬಾವಲಿಗಳು ಓಡಾಡಲು ಸಂದು ಬಿಟ್ಟು. ಮುನಿತಾಯಮ್ಮ ಆ ಸಂದಿಯಲ್ಲಿ ನನ್ನ ಕೈಯಿಂದ ನೀರು ಬಿಡಿಸಿದರು. ಬೆಲ್ಲ ಮುರಿದು ಅರ್ಧ ಕೆಳಗೆ ಹಾಕಿಸಿ, ಉಳಿದರ್ಧ ನನ್ನ ಬಾಯಿಗಿಟ್ಟರು. "ಈಗ ಕೂಗು."

ಅವರು 'ಕೂಗಿ' ಎನ್ನದೆ 'ಕೂಗು' ಎಂದದ್ದು ನನಗೆ ಗಾಬರಿಯಲ್ಲಿ ತಿಳಿಯಲಿಲ್ಲ. ಬಗ್ಗಿ, ಬೆಲ್ಲದ ಬಾಯಲ್ಲಿ, "ಅಕ್ಕಾ" ಎಂದೆ. ಕತ್ತಲು ಅದನ್ನು ತೆಗೆದುಕೊಂಡು ಹೋಯಿತು. ಬಹಳ ಹೊತ್ತಿನ ಮೇಲೆ ಕೆಳಗಿನಿಂದ ತಣ್ಣನೆ ಗಾಳಿ ಬಂದು ನನ್ನ ಕನ್ನಡಕ ಮಂಜಾಯಿತು.

"ಓಗೊಟ್ಟಳು" ಎಂದರು ಮುನಿತಾಯಮ್ಮ. "ಇನ್ನು ನಡಿ, ಭಾವನ ಹತ್ರ."

ನಾನು ಹಗ್ಗ ದಾಟಿ ಉರುಳೆಯ ಮುಂದೆ ನಿಂತೆ. ಮೇಲೆ ತೊಲೆಯಿಂದ ಗೂಬೆ ಮರಿಗಳು ಇಣುಕಿದವು. ಹೊಸ್ತಿಲಾಚೆ ಮುನಿತಾಯಮ್ಮ ಮತ್ತು ಸಾಬರು ಪರೀಕ್ಷಕರ ಹಾಗೆ ಕೂತರು. ನಾನು ಹಾದಿಯುದ್ದಕ್ಕೂ ಉರುಹೊಡೆದದ್ದನ್ನು ಹೇಳಿದೆ: "ಭಾವನವರೇ, ತಾವು ಸ್ವಲ್ಪ ದಪ್ಪಗಿದ್ದೀರಿ. ಕ್ಷಮಿಸಿ."

ಬ್ರೇಕಿನ ಹಿಡಿಯಲ್ಲಿ ಇನ್ನೊಂದು ಚುಕ್ಕೆ ತುಕ್ಕು ಎದ್ದಿತು. ಮುನಿತಾಯಮ್ಮ ಸೆರಗನ್ನು ಪೂರ್ತಿ ಬಾಯೊಳಗೆ ತುರುಕಿಕೊಂಡು ನಕ್ಕರು. ಸಾಬರು ಟೋಪಿ ತೆಗೆದು ಅದರಲ್ಲಿ ಮುಖ ಮುಚ್ಚಿಕೊಂಡರು.

ದಿನವೂ ಹೋದೆ. 'ತಮ್ಮ ಬಣ್ಣ ತುಸು ಕಪ್ಪು, ಆದರೆ ಲಕ್ಷಣವಾಗಿದೆ' ಎಂದೆ. ತುಕ್ಕು. 'ತಮಗೆ ಕೆಲಸವಿಲ್ಲ, ಆದರೆ ಅದು ತಮ್ಮ ತಪ್ಪಲ್ಲ' ಎಂದೆ. ಮತ್ತೆ ತುಕ್ಕು. ಮುನಿತಾಯಮ್ಮನ ಹಳೆಯ ಮಾತುಗಳನ್ನೇ ಹೇಳಿ ನೋಡಿದೆ. ಹಳಸಿದ ಮಾತಿಗೆ ಭಾವ ಅಲುಗಲಿಲ್ಲ, ಹೊಳೆಯಲೂ ಇಲ್ಲ.

ಸಮಿತಿ ಬರುವ ಹಿಂದಿನ ದಿನ ಸಂಜೆ ಯಂತ್ರದ ಮನೆಯ ಬಾಗಿಲು ಹಾಕಿದೆ. ಎಳೆದು ನೋಡಿ, ಹೊಂಗೆ ಮರದವರೆಗೆ ಹೋಗಿ, ವಾಪಸ್ಸು ಬಂದು ಮತ್ತೆ ಎಳೆದೆ. ಮರದ ಕೆಳಗೆ ಕೂತಿದ್ದ ಖಾದರ್ ಸಾಬರು ನೋಡುತ್ತಿದ್ದರು. ಅವರು ಏನೋ ಹೇಳಹೊರಟು, ಮೇಡಂ ಅಲ್ಲವೇ ಎಂದು ನುಂಗಿಕೊಂಡರು. ಮತ್ತೆ ತಡೆಯಲಾರದೆ, "ಭಾವನೂ ಹಿಂಗೇ ಮಾಡೋನು" ಎಂದರು.

"ಹೇಗೆ?"

"ಪಂಜರ ಮೇಲೆ ಬರ್ತಿತ್ತಲ್ಲ, ನೆಲ ಇನ್ನೇನು ಗೇಣು ಬಾಕಿ ಅನ್ನೋವಾಗ ನಿಂತ್ಬಿಡೋನು. ಬಂತೋ ಇಲ್ವೋ ಅಂತ ಒಂದು ಚೂರು ಮೇಲೆ, ಒಂದು ಚೂರು ಕೆಳಗೆ. ಯಾರು ಬಿಚ್ಚಿ ಜೋಡಿಸಿದ್ರೂ ಆ ಚಾಳಿ ಹೋಗ್ಲಿಲ್ಲ. ಒಳಗಿರೋರೆಲ್ಲ ಸೇರಿ 'ಬಂತು ಭಾವಾ, ಬಿಡು!' ಅಂತ ಕೂಗ್ಬೇಕು. ಆಮೇಲೆ ಬಿಡೋನು."

"ನಮ್ಮನೇಲಿ ದಿನಾ ಸಾರು ಆರೋದು" ಎಂದರು ಅವರ ಪಕ್ಕದಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಮುನಿತಾಯಮ್ಮ. ಎಲೆ ಮಡಿಸಿ, "ಸಾರು ಆರೋದು. ಗಂಡ ಮಾತ್ರ ದಿನಾ ಬರೋನು. ಈ ಊರಲ್ಲಿ ಯಾರ ಮನೆ ಗಂಡಸ್ರನ್ನೂ ಭಾವ ಕೆಳಗೆ ಬೀಳ್ಸ್ಲಿಲ್ಲ" ಎಂದರು. ಆ ಕೊನೆಯ ಮಾತನ್ನು ಅವರು ಎಂದೂ ಇಲ್ಲದಷ್ಟು ಮೆಲ್ಲಗೆ ಹೇಳಿದರು. ಭಾವನ ಕಿವಿಗೆ ಬೀಳಬಾರದಲ್ಲ.

ಮರುದಿನ ಸಮಿತಿ ಬಂತು. ಅಧ್ಯಕ್ಷರು ನರೆಗೂದಲಿನ, ಬಹಳ ಮೆತ್ತನೆಯ ಮನುಷ್ಯ. ಅವರು ಗದರುವವರಾಗಿದ್ದರೆ ನಾನು ಹೆದರಿಕೊಂಡು ಸುಮ್ಮನಿರುತ್ತಿದ್ದೆ. ಅವರು ಯಂತ್ರದ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟರು. ಹಿಂದೆ ರೇಂಜರ್ ಜಯದೇವ, ಹಗ್ಗದಾಚೆ ಊರಿನ ಅರ್ಧದಷ್ಟು ಜನ, ಎಲ್ಲರ ಬಾಯಿಗೂ ಕೈ ಅಡ್ಡ. ಸಾಬರು ಹಿಂದಿನ ದಿನವಿಡೀ ಉಜ್ಜಿ ತುಕ್ಕನ್ನು ಒಂದು ಮೂಲೆಗೆ ತಳ್ಳಿದ್ದರು. ಕಂಡೂ ಕಾಣದ ಹಾಗಿತ್ತು. ಅಧ್ಯಕ್ಷರು ಉರುಳೆಯನ್ನು ತಲೆಯೆತ್ತಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಎರಡೂ ಕೈ ಎದೆಗೆ ತಂದರು.

"ಆಹಾ" ಎಂದರು. "ಎಂಥ ಮಹಾನುಭಾವ!"

ಮೂಲೆಯಲ್ಲಿದ್ದ ತುಕ್ಕು ಹಾಲುಕ್ಕುವ ಹಾಗೆ ಮೇಲೆದ್ದಿತು. "ಎಂಥ ಸೇವೆ, ಎಂಥ ತ್ಯಾಗ" ಎಂದು ಅವರು ಮುಂದುವರಿಸಿದರು. ಅದು ಉರುಳೆಯ ಬೆನ್ನು ದಾಟಿತು. "ನಾವೆಲ್ಲ ಇವರ ಪಾದದ..." ಎಂದು ಬಗ್ಗತೊಡಗಿದರು.

ನಾನು ಜೀವಮಾನದಲ್ಲಿ ಯಾರ ಮಾತಿಗೂ ಅಡ್ಡ ಬಂದವಳಲ್ಲ. ಸಂಜೆ ಕಾಲೇಜಿನಲ್ಲಿ ಮೇಷ್ಟ್ರು ತಪ್ಪು ಪುಟ ಓದುತ್ತಿದ್ದರೂ ಆ ಪುಟವನ್ನೇ ಬರೆದುಕೊಂಡವಳು. ಆ ದಿನ ಏನಾಯಿತೋ, ಅಧ್ಯಕ್ಷರಿಗೂ ಭಾವನಿಗೂ ನಡುವೆ ಹೋಗಿ ನಿಂತೆ.

"ಸಾಕು ಭಾವ, ಉಬ್ಬಬೇಡ" ಎಂದೆ. ನನ್ನ ಧ್ವನಿ ಎಂದಿನಂತೆ ತಗ್ಗಿತ್ತು. ಮೇಲೆ ಗೂಬೆ ಕಣ್ಣು ಕೂಡ ಬಿಡಲಿಲ್ಲ. "ಇವರು ಮಹಾನುಭಾವ ಅಂತಾರೆ. ಇವರಿಗೇನು ಗೊತ್ತು? ನೆಲ ಗೇಣು ಬಾಕಿ ಇರುವಾಗ ನಿಂತು, ಬಂತೋ ಇಲ್ಲವೋ, ಬಂತೋ ಇಲ್ಲವೋ ಅಂತ ನಡುಗ್ತಿದ್ದವನು ನೀನು. ಮುನಿತಾಯಕ್ಕನ ಮನೆ ಸಾರು ಒಂದು ದಿನವೂ ಬಿಸಿ ಇರಲಿಲ್ಲ, ಅದು ನಿನ್ನ ಸೇವೆ! ನಾನು ಒಂದು ಬಾಗಿಲು ಹಾಕಿ ಎರಡು ಸಲ ಎಳೆದು ನೋಡಿದರೆ ಊರು ಮುಖ ಮುಖ ನೋಡಿಕೊಳ್ಳುತ್ತೆ. ನೀನು ಇಷ್ಟು ಕಬ್ಬಿಣ ಮೈಮೇಲೆ ಹೇರಿಕೊಂಡು ನನಗಿಂತ ಪುಕ್ಕಲ. ಮದುವೆ ದಿನ ತಾಳಿ ಕಟ್ಟಿದ ಮೇಲೂ ಗಂಟು ಬಿತ್ತೋ ಇಲ್ಲವೋ ಅಂತ ಇಣುಕಿ ನೋಡಿರಬೇಕು. ನಮ್ಮಕ್ಕ ನಿನ್ನನ್ನ ಹೇಗೆ ಕಟ್ಟಿಕೊಂಡು ಬಾಳಿದಳೋ!"

ತುಕ್ಕು ನಿಂತಿತು. ಒಲೆಯಿಂದ ಇಳಿಸಿದ ಹಾಲಿನ ಹಾಗೆ ಕುಸಿಯಿತು. ಉರುಳೆಯ ಬೆನ್ನು, ಹೊಟ್ಟೆ, ಬ್ರೇಕಿನ ಹಿಡಿ, ಒಂದೊಂದಾಗಿ ಕಪ್ಪಗೆ ತೊಳೆದುಕೊಂಡವು. ಹಗ್ಗದಾಚೆಯವರಿಗೆ ನನ್ನ ಮಾತು ಒಂದಕ್ಷರವೂ ಕೇಳಿಸಿರಲಿಲ್ಲ. ಆದರೆ ಭಾವ ಹೊಳೆದದ್ದು ಕಂಡು ಅವರ ಹೆಗಲುಗಳು ಸದ್ದಿಲ್ಲದೆ ಕುಣಿಯತೊಡಗಿದವು.

ಅಧ್ಯಕ್ಷರು ಬಗ್ಗಿದಲ್ಲಿಂದ ನಿಧಾನವಾಗಿ ಎದ್ದರು. "ತಾವು ಯಾರ ಹತ್ತಿರ ಮಾತಾಡುತ್ತಿದ್ದೀರಿ?"

"ನಮ್ಮ ಭಾವನ ಹತ್ತಿರ ಸಾರ್" ಎಂದೆ. ಕ್ಷಮಿಸಿ ಎಂಬುದು ನಾಲಿಗೆ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ಒಳಗೇ ಇಟ್ಟುಕೊಂಡೆ.

ಅವರು ಉರುಳೆಯ ಮೇಲೆ ಬೆರಳಾಡಿಸಿ ಬೆರಳನ್ನು ಬೆಳಕಿಗೆ ಹಿಡಿದರು. ಗ್ರೀಸು ಬಿಟ್ಟು ಏನೂ ಇರಲಿಲ್ಲ. "ಗಟ್ಟಿಯಾಗಿದೆ. ಇರಲಿ" ಎಂದರು. ಮತ್ತೇನೋ ಒಳ್ಳೆಯ ಮಾತು ಹೇಳಲು ಬಾಯಿ ತೆರೆದರು. ರೇಂಜರ್ ಜಯದೇವ ಅವರು ಗೂಬೆ ಮರಿ ತೋರಿಸುತ್ತೇನೆಂದು ತೋಳು ಹಿಡಿದು ಆಚೆ ಕರೆದುಕೊಂಡು ಹೋದರು. ಹೋಗುವಾಗ ಜಯದೇವ ಅವರು ನನ್ನ ಕಡೆ ತಿರುಗಿ ನೋಡಿದ ರೀತಿ, ಹಾವು ದಾಟಿದ ಮೇಲೆ ಹಿಂದಿನದಕ್ಕಾಗಿ ಕಾಯುವವರ ಹಾಗಿತ್ತು.

ಮರಿಗಳು ಹಾರಿದ ಮೇಲೆ ಹಗ್ಗ ಬಿಚ್ಚಿದರು. ಮುನಿತಾಯಮ್ಮ ಮತ್ತೆ ಹೊಸ್ತಿಲ ಮೇಲೆ ಕೂತು ಬಾಕಿಯಿದ್ದದ್ದನ್ನೆಲ್ಲ ಒಂದೇ ಬೆಳಿಗ್ಗೆ ತೀರಿಸಿದರು. ಕೆರೆಯ ನೀರುಕೋಳಿಗಳೆಲ್ಲ ಒಮ್ಮೆ ಎದ್ದು ಕೂತವು. ಭಾವನಿಗೆ ಮಾತ್ರ ಅವರ ಚೇಷ್ಟೆ, ನನ್ನದು, ಎರಡೂ ಬೇಕಾಗಿದೆಯೋ ಏನೋ. ನಾನು ಒಂದು ದಿನ ತಪ್ಪಿಸಿದರೆ ಬ್ರೇಕಿನ ಹಿಡಿಯ ಹತ್ತಿರ ಒಂದು ಚುಕ್ಕೆ ಕೆಂಪಾಗುತ್ತದೆ. ಆದ್ದರಿಂದ ನಾನೂ ಹೋಗುತ್ತೇನೆ.

ನನ್ನನ್ನು ಯಾರೂ ಈಗ ಮೇಡಂ ಎನ್ನುವುದಿಲ್ಲ. ಹೋಟೆಲಿನಲ್ಲಿ ಕಾಫಿ ಕೊಡುವವನೂ, "ಏನ್ ಇಂದುಮತಿ ಅಕ್ಕಾ, ಸಕ್ಕರೆ ಹಾಕಿದೀನೋ ಇಲ್ವೋ, ಇಣುಕಿ ನೋಡ್ತೀರಾ?" ಎನ್ನುತ್ತಾನೆ. ಮೊದಲು ಮುಖ ಬಿಸಿಯಾಗುತ್ತಿತ್ತು. ಎರಡು ಬೇಸಿಗೆ ಈ ಊರು ನನಗೆ ಬಾಯಿ ತುಂಬ ಮರ್ಯಾದೆ ಕೊಟ್ಟಿತ್ತಲ್ಲ, ಆಗ ನಾನು ಹೇಗಿದ್ದೆ ಎಂದು ನೆನೆಯುತ್ತೇನೆ.

ಮೊನ್ನೆ ಬೆಳಿಗ್ಗೆ ಮನೆಗೆ ಬೀಗ ಹಾಕಿದೆ. ಎಳೆದು ನೋಡಿದೆ. ಬೀದಿಯ ತುದಿಗೆ ಹೋದೆ. ವಾಪಸ್ಸು ಬಂದು ಬೀಗ ಹಿಡಿದು ಮತ್ತೆ ಎಳೆಯತೊಡಗಿದೆ; ಒಂದು ಚೂರು ಮೇಲೆ, ಒಂದು ಚೂರು ಕೆಳಗೆ. ಇನ್ನೊಂದು ಕೈಯಲ್ಲಿದ್ದ ಬೀಗದ ಕೈ ತಣ್ಣಗೆ, ಕಪ್ಪಗೆ ಹೊಳೆಯುತ್ತಿತ್ತು, ಅಂಗೈ ಚೊಕ್ಕಟವಾಗಿತ್ತು. ಆಗ ಎದುರು ಸಾಲಿನ ಮನೆಗಳ ಅಂಗಳಗಳಿಂದ, ರಂಗೋಲಿ ಬಿಡುತ್ತಿದ್ದವರು, ಹಲ್ಲುಜ್ಜುತ್ತಿದ್ದವರು, ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದವರು, ಎಲ್ಲರಿಗಿಂತ ಜೋರಾಗಿ ಮುನಿತಾಯಕ್ಕ, ಬೀದಿಗೆ ಬೀದಿಯೇ ಒಟ್ಟಿಗೆ ಕೂಗಿತು:

"ಬಂತು ಕಣೇ, ಬಿಡು!"

ಬಿಟ್ಟೆ.